ಕಡ ತಂದ ನುಡಿಯ ನಗೆ

2005ನೆಯ ಇಸವಿಯಲ್ಲಿ ಅಮೆರಿಕೆಯ ಕ್ರೈಸ್ಲರ್ ಮೋಟಾರು ಕಂಪನಿಯವರು ದೂರದರ್ಶನದ ಸಲುವಾಗಿ ಒಂದು ಜಾಹೀರಾತನ್ನು ಸಿದ್ಧಪಡಿಸಿದರು. ಒಂದು ಕಾಲಕ್ಕೆ ಆ ಕಂಪನಿಯನ್ನು ದಿವಾಳಿಯ ದವಡೆಯಿಂದ ಪಾರುಮಾಡಿ ಜಗತ್ಪ್ರಸಿದ್ಧರಾಗಿದ್ದ ಲೀ ಅಯಕೋಕಾ ಎಂಬ ಎಂಬತ್ತರ ಗಡಿಯನ್ನು ಮುಟ್ಟಿದ ವೃದ್ಧ ಗೃಹಸ್ಥರು ಗಾಲ್ಫ್ ಮೈದಾನದಲ್ಲಿದ್ದಾರೆ. ಅವರ ಜೊತೆಗಾರನು ಕ್ಯಾಲಿಫೋರ್ನಿಯದ ರ‍್ಯಾಪ್ ಹಾಡುಗಾರನಾದ ಸ್ನೂಪ್ ಡಾಗ್. ಹಾಡುಗಾರನು ತನ್ನ ಓಣಿಯ ನುಡಿಯಲ್ಲಿಯೇ ಮಾತನಾಡುತ್ತಾನೆ. ಅದು ತಮಗೆ ಸರಿಯಾಗಿ ತಿಳಿಯಲಿಲ್ಲವೆಂದು ವೃದ್ಧರು ಮೋರೆಯನ್ನು ಗಂಭೀರವಾಗಿಟ್ಟುಕೊಂಡು ಹೇಳುತ್ತಾರೆ. ಆಗ ಹಾಡುಗಾರನು ಅವರ ಹೆಸರಿಗೇ ತನ್ನ ನುಡಿಯ ಬಾಲವನ್ನು ಹಚ್ಚಿ ಅವರನ್ನು ಕರೆಯುತ್ತಾನೆ. ಇಷ್ಟೇ ಅದರ ಸಾರ. ನೋಡಿದವರು ನಕ್ಕರು; ಕಂಪನಿಯವರಿಗೆ ಬೇಕಾಗಿದ್ದದ್ದೂ ಅದೇ.

ಆ ಜಾಹೀರಾತಿನಲ್ಲಿ ಹಣ ಚೆಲ್ಲಿ ಮಾಡಿದ್ದನ್ನು ಅಮೆರಿಕೆಯ ಮಂದಿ ದಿನಬಳಕೆಯಲ್ಲಿ ಪುಕ್ಕಟೆಯಾಗಿಯೇ ಮಾಡುತ್ತಿರುತ್ತಾರೆ. ಕಚೇರಿಯ ಲೆಕ್ಕಿಗನು ಹೊಸ ಬೂಟು ಮೆಟ್ಟಿಕೊಂಡು ಬಂದರೆ ಪಕ್ಕದ ಮೇಜಿನವನು 'ಏನು ಡ್ರಿಪ್!' ಎಂದು ಹುಬ್ಬೇರಿಸುವನು. ಎರಡು ಕೋಣೆಯ ಬಾಡಿಗೆಮನೆಯನ್ನು ಗ್ರಂಥಾಲಯದ ಬಾಯಿಯವರು 'ನನ್ನ ಕ್ರಿಬ್' ಎಂದು ಹೇಳಿ ತಾವೇ ನಗುವರು. ತೆರಿಗೆಯ ಕಾಗದಗಳನ್ನು ಅವಧಿಗಿಂತ ಒಂದು ದಿನ ಮುಂಚೆ ಕಳಿಸಿದ ಸಾತ್ವಿಕ ಪುರುಷನು ತಾನೊಬ್ಬ 'ಗ್ಯಾಂಗ್‌ಸ್ಟಾ' ಎಂದು ಮೀಸೆಯ ಮೇಲೆ ಕೈಯಾಡಿಸುವನು. ತಂದೆಯಾದವನು ಮಗನ ಗೆಳೆಯರ ಎದುರಿಗೆ 'ನೋ ಕ್ಯಾಪ್' ಎಂದು, ಅಂದರೆ ಸುಳ್ಳಲ್ಲವೆಂದು, ಹೇಳಿಬಿಟ್ಟರೆ ಮಗನು ನಾಚಿಕೆಯಿಂದ ಕೋಣೆಯೊಳಗೆ ಅಡಗುವನು. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳೂ ಈ ವಿನೋದಕ್ಕೆ ಹೊರತಲ್ಲ; ಅಲ್ಲಿ ಹುಟ್ಟಿದ ಮಕ್ಕಳು ಶಾಲೆಯಿಂದ ತಂದ ಮಾತನ್ನು ತಾಯಿಯು ಒಗ್ಗರಣೆ ಹಾಕುತ್ತ ತಿರುಗಿಸಿ ಆಡಿದರೆ ಮಕ್ಕಳು 'ಅಮ್ಮಾ, ಸಾಕು ಮಾಡು' ಎಂದು ಕೈಮುಗಿಯುವರು.

ಇದರಲ್ಲಿ ನಗೆ ಹುಟ್ಟುವ ಬಗೆ ನಮಗೆ ಅಪರಿಚಿತವಾದುದಲ್ಲ. ಮಾತಿಗೂ ಬಾಯಿಗೂ ಹೊಂದಿಕೆಯಿಲ್ಲದಿರುವದು, ದೊಡ್ಡ ಶಬ್ದವನ್ನು ಚಿಕ್ಕ ಸಂಗತಿಗೆ ತೊಡಿಸುವದು, ಇವು ಹಾಸ್ಯದ ಅತಿ ಹಳೆಯ ಬಂಡವಾಳ. ಮೃಚ್ಛಕಟಿಕದ ಶಕಾರನು ರಾಜನ ಭಾವಮೈದುನನೆಂಬ ಗರ್ವದಲ್ಲಿ ಪುರಾಣಗಳನ್ನೆಲ್ಲ ತಲೆಕೆಳಗು ಮಾಡಿ ತೊದಲುನುಡಿಯಲ್ಲಿ ಅರಚುವದನ್ನು ಕೇಳಿ ನಮ್ಮ ಹಿರಿಯರು ನಕ್ಕಿದ್ದಾರೆ. ಕೈಲಾಸಂ ಅವರು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಪಾತ್ರಗಳಿಂದ ಮಾತನಾಡಿಸಿ ಮೈಸೂರು ಸೀಮೆಯ ಓದಿದವರ ಮನೆಗಳನ್ನೇ ನಗೆಗೆ ಈಡುಮಾಡಿದ್ದಾರೆ. ಆದರೆ ಕೈಲಾಸಂ ಅವರು ನಕ್ಕದ್ದು ತಮ್ಮವರನ್ನು. ಆ ನುಡಿ ಅವರದೇ ಮನೆಯ ನುಡಿ. ಅಮೆರಿಕೆಯ ಗುಮಾಸ್ತನು ನಗೆಗಾಗಿ ಎತ್ತಿಕೊಳ್ಳುವ ನುಡಿಯು ಅವನ ಮನೆಯದಲ್ಲ. ಅದು ಯಾರ ಮನೆಯದು, ಅವರು ಅದನ್ನು ಹೇಗೆ ಗಳಿಸಿದರು, ಅದೇ ನುಡಿಗಾಗಿ ಅವರು ಏನು ತೆರುತ್ತಿದ್ದಾರೆ ಎಂಬದನ್ನು ವಿಚಾರಿಸಿದರೆ ಈ ಹಗುರವಾದ ನಗೆಯ ತೂಕ ಗೊತ್ತಾಗುವದು.

ಹಿಪ್‌ಹಾಪಿನ ಜನ್ಮದಿನವೆಂದು 1973ನೆಯ ಆಗಸ್ಟ್ 11ನೆಯ ತಾರೀಖನ್ನು ಎಣಿಸುವ ರೂಢಿಯಿದೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ಸೆಜ್‌ವಿಕ್ ಬೀದಿಯ 1520ನೆಯ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿಯು, ಶಾಲೆ ತೆರೆಯುವ ಮೊದಲು ಹೊಸ ಬಟ್ಟೆಗೆ ಹಣ ಕೂಡಿಸಬೇಕೆಂದು ಒಂದು ಕೂಟವನ್ನು ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶ ಧನ. ಜಮೈಕದಿಂದ ಬಂದು ನೆಲೆಸಿದ್ದ ಅವಳ ಅಣ್ಣ ಕ್ಲೈವ್, 'ಕೂಲ್ ಹರ್ಕ್' ಎಂಬ ಹೆಸರಿನಿಂದ, ಎರಡು ತಿರುಗು ತಟ್ಟೆಗಳ ಮೇಲೆ ಹಾಡಿನ ತಟ್ಟೆಗಳನ್ನು ಇಟ್ಟು ತಾಳದ ತುಣುಕನ್ನಷ್ಟೇ ಮತ್ತೆ ಮತ್ತೆ ನುಡಿಸಿದನು. ಹೆದ್ದಾರಿಯನ್ನು ಹಾಯಿಸುವದಕ್ಕಾಗಿ ನಡುವೆಯೇ ಸೀಳಿಹಾಕಿದ, ಸುಟ್ಟ ಮನೆಗಳೂ ಬರಿದಾದ ಅಂಗಡಿಗಳೂ ತುಂಬಿದ ಆ ಬಡ ಕೇರಿಯಲ್ಲಿ, ವಾದ್ಯ ಕೊಳ್ಳಲು ಕಾಸಿಲ್ಲದ ಕರಿಯ ಹಾಗೂ ಪೋರ್ಟೊರಿಕೊ ಮೂಲದ ತರುಣರು ಹಳೆಯ ತಟ್ಟೆಗಳಿಂದ ಹೊಸ ಸಂಗೀತವನ್ನು ಕಡೆದು ತೆಗೆದರು.

'ಹಿಪ್‌ಹಾಪ್' ಎಂಬ ಹೆಸರೇ ಒಂದು ಚೇಷ್ಟೆಯಿಂದ ಬಂದುದೆಂದು ಆ ಕಾಲದ ಹಳಬರು ಹೇಳುತ್ತಾರೆ. ಗ್ರ್ಯಾಂಡ್‌ಮಾಸ್ಟರ್ ಫ್ಲಾಶನ ಮೇಳದಲ್ಲಿದ್ದ 'ಕೌಬಾಯ್' ಎಂಬವನು, ಸೈನ್ಯಕ್ಕೆ ಸೇರಲು ಹೊರಟಿದ್ದ ಗೆಳೆಯನನ್ನು ಅಣಕಿಸುವದಕ್ಕಾಗಿ ಸಿಪಾಯಿಗಳ ಕವಾಯತಿನ ಹೆಜ್ಜೆಯ ಲಯದಲ್ಲಿ 'ಹಿಪ್, ಹಾಪ್' ಎಂದು ಉಲಿದನಂತೆ. ಹೀಗೆ ಆ ಕಲೆಯ ನಾಮಕರಣದಲ್ಲಿಯೇ ವಿನೋದವಿದೆ. ವಾಚಕರು ಇದನ್ನು ಲಕ್ಷ್ಯದಲ್ಲಿಡಬೇಕು. ಏಕೆಂದರೆ ಈ ನುಡಿಯನ್ನು ಹಾಸ್ಯಕ್ಕಾಗಿ ಬಳಸುವ ಹೊರಗಿನವರಲ್ಲಿ ಅನೇಕರು, ಅದರೊಳಗೆ ಹಾಸ್ಯವಿಲ್ಲ, ಹಾಸ್ಯವನ್ನು ತಾವೇ ತಂದು ತುಂಬುತ್ತಿದ್ದೇವೆ ಎಂದು ಭಾವಿಸಿರುತ್ತಾರೆ. ಇದು ಶುದ್ಧ ತಪ್ಪು ತಿಳಿವಳಿಕೆ.

ಈ ನುಡಿಯಲ್ಲಿ 'ಕೆಟ್ಟದ್ದು' ಎಂದರೆ ಒಳ್ಳೆಯದು, 'ರೋಗ ಹಿಡಿದದ್ದು' ಎಂದರೆ ಬಹು ಸೊಗಸಾದದ್ದು. ನಮ್ಮ ಕಡೆಯವರು 'ಭಯಂಕರ ಚಲೋ ಅದ' ಎಂದಾಗ ಯಾರೂ ಭಯಪಡುವದಿಲ್ಲ, ಹಾಗೆಯೇ. ನೂರು ಡಾಲರಿನ ನೋಟಿನ ಮೇಲೆ ಬೆಂಜಮಿನ್ ಫ್ರ್ಯಾಂಕ್ಲಿನನ ಚಿತ್ರವಿರುವದರಿಂದ ನೋಟುಗಳಿಗೆ 'ಬೆಂಜಮಿನ್‌ಗಳು' ಎಂದು ಹೆಸರು. ರಾಷ್ಟ್ರಪಿತೃಗಳಲ್ಲೊಬ್ಬನನ್ನು ಹೀಗೆ ಜೇಬಿಗಿಳಿಸಿದ ಬುದ್ಧಿಯು ಕುಚೋದ್ಯದ್ದಲ್ಲದೆ ಮತ್ತೇನು? ಕಾರು 'ಚಾವಟಿ'ಯಾಗುವದು, ವಜ್ರ 'ಮಂಜುಗಡ್ಡೆ'ಯಾಗುವದು, ಜಗಳ 'ದನದ ಮಾಂಸ'ವಾಗುವದು. 1999ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಬಿ.ಜಿ. ಎಂಬ ಹಾಡುಗಾರನ ಒಂದು ಹಾಡಿನಿಂದ ದೇಶವೆಲ್ಲ ಹಬ್ಬಿದ 'ಬ್ಲಿಂಗ್' ಎಂಬ ಮಾತನ್ನು ನೋಡಿರಿ. ಒಡವೆಯ ಮೇಲೆ ಬೆಳಕು ಬಿದ್ದರೆ ಸಪ್ಪಳವಾಗುವದಿಲ್ಲ; ಆದರೂ ಅದಕ್ಕೊಂದು ಸಪ್ಪಳವನ್ನು ಕಲ್ಪಿಸಿ ಹೆಸರಿಟ್ಟಿದ್ದಾರೆ. ಥಳಥಳ, ಮಿಣಮಿಣ, ಧಗಧಗ ಎಂದು ಬೆಳಕಿಗೆ ದನಿ ಕೊಟ್ಟ ಕನ್ನಡಿಗರಿಗೆ ಈ ಅನುಕರಣಾವ್ಯಯದ ಸ್ವಾರಸ್ಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಸ್ನೂಪ್ ಡಾಗನು ಆ ವೃದ್ಧರ ಹೆಸರಿಗೆ ಹಚ್ಚಿದ 'ಇಜ್ಲ್' ಎಂಬ ಬಾಲಕ್ಕೂ ಒಂದು ವಂಶಾವಳಿಯಿದೆ. ಅದು ಅವನೊಬ್ಬನ ಸೃಷ್ಟಿಯಲ್ಲ. ಕ್ಯಾಲಿಫೋರ್ನಿಯದವನೇ ಆದ ಇ-40 ಎಂಬವನೂ ಅದನ್ನು ಬೆಳೆಸಿದವರಲ್ಲೊಬ್ಬನು. ಅದಕ್ಕೂ ಮೊದಲು 1981ರಲ್ಲಿಯೇ ಫಿಲಡೆಲ್ಫಿಯದ ಫ್ರ್ಯಾಂಕಿ ಸ್ಮಿತ್, ಓಣಿಯ ಹುಡುಗಿಯರ ಹಗ್ಗದಾಟವನ್ನು ಕುರಿತ ತನ್ನ ಹಾಡಿನಲ್ಲಿ ಶಬ್ದಗಳ ನಡುವೆ 'ಇಜ್' ಎಂಬ ಅಕ್ಷರವನ್ನು ತುರುಕಿ ಮಾತನ್ನು ಗೂಢವಾಗಿಸಿದ್ದನು. ನಮ್ಮ ಮಕ್ಕಳು ಅಕ್ಷರ ಅಕ್ಷರಕ್ಕೂ 'ಕ' ಸೇರಿಸಿ ಹಿರಿಯರಿಗೆ ತಿಳಿಯದಂತೆ ಆಡುವ 'ಕ' ಭಾಷೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಒಬ್ಬರ ತಾಯಿಯನ್ನು ಕುರಿತು ಮತ್ತೊಬ್ಬರು ಪ್ರಾಸಬದ್ಧವಾಗಿ ಹಳಿಯುತ್ತ, ಮೊದಲು ಸಿಟ್ಟಿಗೆದ್ದವನೇ ಸೋತನೆಂದು ಎಣಿಸುವ 'ಡಜನ್ಸ್' ಎಂಬ ಆಟವಂತೂ ರ‍್ಯಾಪಿಗಿಂತ ಬಹಳ ಹಳೆಯದು. ನಗುತ್ತಲೇ ಅವಮಾನವನ್ನು ತಾಳಿಕೊಳ್ಳುವದನ್ನು ಎಳೆಯರಿಗೆ ಕಲಿಸುವ ಶಾಲೆ ಅದು; ಆ ಜನಾಂಗಕ್ಕೆ ಈ ಪಾಠದ ಅವಶ್ಯಕತೆಯು ಎಷ್ಟಿತ್ತೆಂಬದನ್ನು ಅವರ ಇತಿಹಾಸ ಬಲ್ಲವರೇ ಬಲ್ಲರು.

ಇನ್ನು ಹೊರಗಿನವರ ನಗೆ. ಇದಕ್ಕೆ ಹಳೆಯ ಸಾಲವೊಂದಿದೆ. 1830ರ ಸುಮಾರಿನಲ್ಲಿ ಟಿ. ಡಿ. ರೈಸ್ ಎಂಬ ಬಿಳಿಯ ನಟನು ಮೋರೆಗೆ ಮಸಿ ಬಳಿದುಕೊಂಡು, ಕರಿಯರ ನಡೆನುಡಿಯನ್ನು ಅಣಕಿಸಿ ಕುಣಿದು ಜನರನ್ನು ನಗಿಸಿದನು. ಅವನ ಪಾತ್ರದ ಹೆಸರು ಜಿಮ್ ಕ್ರೋ. ಅವನ ಹಿಂದೆ ಅಂಥ ಮೇಳಗಳು ಊರೂರಿಗೆ ಹುಟ್ಟಿದವು. ಮುಂದೆ, ಕರಿಯರು ಕೂಡುವ ಬೆಂಚು ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ, ಓದುವ ಶಾಲೆ ಬೇರೆ ಎಂದು ದಕ್ಷಿಣದ ಸಂಸ್ಥಾನಗಳು ಮಾಡಿದ ಕಾಯದೆಗಳಿಗೆ ಆ ವಿದೂಷಕನ ಹೆಸರೇ ಅಂಟಿತು. 1964 ಮತ್ತು 1965ರ ನಾಗರಿಕ ಹಕ್ಕುಗಳ ಕಾಯದೆಗಳು ಬರುವವರೆಗೂ ಅವು ಬಾಳಿದವು. ರಂಗದ ಮೇಲಿನ ನಗೆಯ ಹೆಸರು ಕೋರ್ಟಿನ ಕಾಗದದ ಮೇಲೆ ಏರಿದ ಇಂಥ ಉದಾಹರಣೆಯು ಬೇರೆ ದೇಶದಲ್ಲಿ ಸಿಗುವದು ಕಠಿಣ.

ಹಾಗೆಂದು ಎಲ್ಲ ನಗೆಯನ್ನೂ ಮಸಿಯ ಮೋರೆಯ ನಗೆಯೆಂದು ತೆಗೆದುಹಾಕುವದು ನ್ಯಾಯವಲ್ಲ. 1980ರ 'ಏರ್‌ಪ್ಲೇನ್' ಎಂಬ ವಿನೋದ ಚಿತ್ರದಲ್ಲಿ ಇಬ್ಬರು ಕರಿಯ ಪ್ರಯಾಣಿಕರ ಓಣಿಮಾತು ವಿಮಾನದ ಸೇವಕಿಗೆ ತಿಳಿಯದಾದಾಗ, ಆದರ್ಶ ಗೃಹಿಣಿಯ ಪಾತ್ರಕ್ಕಾಗಿ ದೇಶಕ್ಕೆಲ್ಲ ಪರಿಚಿತಳಾಗಿದ್ದ ಬಾರ್ಬರಾ ಬಿಲಿಂಗ್ಸ್ಲಿ ಎಂಬ ನಟಿಯು ಎದ್ದುಬಂದು ದುಭಾಷಿಯ ಕೆಲಸ ಮಾಡುತ್ತಾಳೆ. ಆ ಸಂಭಾಷಣೆಯನ್ನು ಕಟ್ಟಿದವರು ಆ ಇಬ್ಬರು ಕರಿಯ ನಟರೇ. ಆಕೆಗೆ ಕಲಿಸಿದವರೂ ಅವರೇ. ಅಲ್ಲಿ ನಗೆಯು ನುಡಿಯ ಕಡೆಗೆ ತಿರುಗುವದಿಲ್ಲ. ಅಂಥ ಮನೆವಂತ ಹೆಂಗಸಿನ ಬಾಯಲ್ಲಿ ಆ ನುಡಿ ನಿರರ್ಗಳವಾಗಿ ಬರುವ ಸೋಜಿಗದ ಕಡೆಗೆ ತಿರುಗುವದು. 1999ರ 'ಆಫೀಸ್ ಸ್ಪೇಸ್' ಚಿತ್ರದ ಆರಂಭದಲ್ಲಿ ಇದಕ್ಕಿಂತಲೂ ಮಾರ್ಮಿಕವಾದ ಪ್ರಸಂಗವಿದೆ. ಗಣಕಯಂತ್ರದ ಕಚೇರಿಯ ಬಿಳಿಯ ನೌಕರನೊಬ್ಬನು ವಾಹನಗಳ ಸಂದಣಿಯಲ್ಲಿ ಸಿಕ್ಕಿಕೊಂಡು ಕಾರಿನೊಳಗೆ ಒಬ್ಬನೇ ರ‍್ಯಾಪ್ ಹಾಡನ್ನು ಕೈಬೀಸಿ ಕೂಗುತ್ತಿರುತ್ತಾನೆ. ಹೂ ಮಾರುವ ಕರಿಯನೊಬ್ಬನು ಸಮೀಪಿಸಿದ ಕೂಡಲೆ ದನಿಯನ್ನು ತಗ್ಗಿಸಿ ಕಾರಿನ ಬಾಗಿಲಿನ ಚಿಲಕ ಹಾಕಿಕೊಳ್ಳುತ್ತಾನೆ. ಅವನು ದಾಟಿಹೋದ ಮೇಲೆ ಮತ್ತೆ ಹಾಡುತ್ತಾನೆ. ಅರ್ಧ ನಿಮಿಷದ ಆ ದೃಶ್ಯವು ಒಂದು ಉದ್ಗ್ರಂಥಕ್ಕೆ ಸಮ. ನುಡಿ ಬೇಕು, ಲಯ ಬೇಕು, ನುಡಿದವನು ಮಾತ್ರ ಗಾಜಿನ ಆಚೆಗಿರಬೇಕು!

ನಮ್ಮ ಅಭಿಪ್ರಾಯದಲ್ಲಿ ಈ ವಿನೋದವನ್ನು ಒರೆಗೆ ಹಚ್ಚುವ ಕಲ್ಲು ಇದೇ: ನಗೆಯ ಕೊನೆಯಲ್ಲಿ ಸಣ್ಣವನಾಗಿ ಕಾಣುವವನು ಯಾರು? ಮಗನ ಮಾತನ್ನು ತಪ್ಪಾಗಿ ಆಡಿದ ತಂದೆಯು ತಾನೇ ಸಣ್ಣವನಾಗುತ್ತಾನೆ. ತನ್ನ ವಯಸ್ಸನ್ನೂ ತನ್ನ ಬಿಗುಮಾನವನ್ನೂ ತಾನೇ ನಗೆಗೀಡು ಮಾಡಿಕೊಳ್ಳುತ್ತಾನೆ. ಇಂಥ ನಗೆಯಿಂದ ಯಾರಿಗೂ ಕೇಡಿಲ್ಲ. (ಅದರಿಂದ ನುಡಿಗೆ ಒಂದು ಉಪಕಾರವೂ ಉಂಟು. ತಂದೆತಾಯಿಗಳ ಬಾಯಿಗೆ ಬಂದ ಶಬ್ದವನ್ನು ಮಕ್ಕಳು ಅಂದೇ ಬಿಟ್ಟುಬಿಡುವದರಿಂದ ಹೊಸ ಶಬ್ದಗಳು ಹುಟ್ಟಲೇಬೇಕಾಗುತ್ತದೆ.) ಕೇಳಿದವರ ಕಣ್ಣಿಗೆ ಆ ನುಡಿಯ ಒಡೆಯನೇ ದಡ್ಡನೋ ಪುಂಡನೋ ಆಗಿ ಕಾಣುವ ಹಾಗಿದ್ದರೆ ಆ ನಗೆ ರೈಸನ ವಂಶದ್ದು, ಮಸಿಯೊಂದು ಇಲ್ಲ, ಅಷ್ಟೇ. ಸಂಗತಿ ಯಾವಾಗಲೂ ಇಷ್ಟು ನಿಚ್ಚಳವಾಗಿರುವದಿಲ್ಲವೆಂಬದನ್ನೂ ಹೇಳಬೇಕು. ಕೇಂಬ್ರಿಜ್ಜಿನಲ್ಲಿ ಓದಿದ ಸಾಶಾ ಬ್ಯಾರನ್ ಕೋಹನ್ 1998ರಿಂದ ಇಂಗ್ಲಂಡದ ದೂರದರ್ಶನದಲ್ಲಿ 'ಅಲಿ ಜಿ' ಎಂಬ ಪಾತ್ರ ಧರಿಸಿ, ರ‍್ಯಾಪರನ ವೇಷಭಾಷೆಯಲ್ಲಿ ದೊಡ್ಡ ದೊಡ್ಡ ಮುತ್ಸದ್ದಿಗಳಿಗೆ ಅಸಂಬದ್ಧ ಪ್ರಶ್ನೆಗಳನ್ನು ಹಾಕಿದನು. ಅವನು ಅಣಕಿಸಿದ್ದು ಕರಿಯರನ್ನೋ, ಕರಿಯರಂತೆ ನಟಿಸುವ ಪಟ್ಟಣದಂಚಿನ ಹುಡುಗರನ್ನೋ, ಅವನಿಗೆ ಮೋಸಹೋಗಿ ಉತ್ತರಿಸಿದ ದೊಡ್ಡವರನ್ನೋ ಎಂಬ ವಾದ ಬಹುಕಾಲ ನಡೆಯಿತು.

ಒಂದು ಶಬ್ದದ ಕಥೆಯನ್ನು ಮಾತ್ರ ನಾವು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಅದರ ಒಂದು ಬೇರು ನಮ್ಮ ನೆಲದಲ್ಲಿಯೂ ಇದೆ. ಸುಮಾರು 2014ರಿಂದ ಈಚೆಗೆ 'ಥಗ್ ಲೈಫ್' ಎಂಬ ಶೀರ್ಷಿಕೆಯ ಕಿರುಚಿತ್ರಗಳು ಕೈಫೋನುಗಳಲ್ಲಿ ಹರಿದಾಡತೊಡಗಿದವು. ಅಜ್ಜಿಯೊಬ್ಬಳು ಮೊಮ್ಮಗನಿಗೆ ಎದುರುತ್ತರ ಕೊಟ್ಟರೆ, ಬೆಕ್ಕೊಂದು ನಾಯಿಯ ಮೋರೆಗೆ ಹೊಡೆದರೆ, ಎರಡು ವರ್ಷದ ಕೂಸು ಬೇಡವೆಂದು ತಟ್ಟೆಯನ್ನು ತಳ್ಳಿದರೆ ಚಿತ್ರವು ಅಲ್ಲಿಯೇ ನಿಲ್ಲುವದು, ಅವರ ಕಣ್ಣಿಗೆ ಕಪ್ಪು ಕನ್ನಡಕ ಇಳಿಯುವದು, ಹಿನ್ನೆಲೆಯಲ್ಲಿ ರ‍್ಯಾಪಿನ ತಾಳ ಬಾರಿಸುವದು. ಕನ್ನಡದ ಅಣಕುಪುಟಗಳೂ ಹಳೆಯ ಚಿತ್ರಗಳ ಸಂಭಾಷಣೆಯನ್ನೂ ರಾಜಕಾರಣಿಗಳ ಮಾತನ್ನೂ ಹೀಗೆಯೇ ಅಲಂಕರಿಸಿದವು. ನೋಡಿ ನಗದವರು ವಿರಳ.

ಆ ಎರಡು ಶಬ್ದಗಳನ್ನು ಜೋಡಿಸಿ ಹೆಸರಾಗಿಸಿದವನು ಟೂಪಾಕ್ ಶಕೂರ್. ಕರಿಯರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಲ್ಲಿದ್ದ ತಾಯಿಯ ಮಗ. ಸ್ಪೇನಿನವರ ವಿರುದ್ಧ ದಂಗೆಯೆದ್ದ ಪೆರು ದೇಶದ ವೀರನ ಹೆಸರನ್ನು ಹೊತ್ತವನು. ತನ್ನ ಮೇಳಕ್ಕೆ ಆ ಹೆಸರನ್ನಿಟ್ಟು, ಹೊಟ್ಟೆಯ ಮೇಲೆ ಆ ಅಕ್ಷರಗಳ ಹಚ್ಚೆಯನ್ನು ಹೊಯ್ಯಿಸಿಕೊಂಡಿದ್ದನು. ಆ ಅಕ್ಷರಗಳನ್ನು ಬಿಡಿಸಿ ಅವನು ಹೇಳುತ್ತಿದ್ದ ಅರ್ಥವೇ ಬೇರೆ: ಎಳೆಯ ಮಕ್ಕಳಿಗೆ ನೀವು ಉಣಿಸುವ ದ್ವೇಷವು ಒಂದು ದಿನ ನಿಮ್ಮೆಲ್ಲರಿಗೂ ತಿರುಗಿ ತಟ್ಟುವದು ಎಂದು. 1996ನೆಯ ಸಪ್ಟೆಂಬರದಲ್ಲಿ ಲಾಸ್ ವೇಗಸ್ ನಗರದ ಬೀದಿಯಲ್ಲಿ ಗುಂಡಿಗೆ ಗುರಿಯಾಗಿ ಅವನು ತೀರಿಕೊಂಡಾಗ ಅವನ ವಯಸ್ಸು 25. ಬೆಕ್ಕಿಗೆ ಕಪ್ಪು ಕನ್ನಡಕ ಹಾಕಿ ನಗುವಾಗ ಈ ಹುಡುಗನ ನೆನಪು ಯಾರಿಗೆ ಬರುವದು?

'ಥಗ್' ಎಂಬ ಶಬ್ದವನ್ನು ಟೂಪಾಕನು ಇಂಗ್ಲಿಷಿನಿಂದ ಪಡೆದನು. ಇಂಗ್ಲಿಷಿನವರು ಅದನ್ನು ನಮ್ಮ ದೇಶದಿಂದ ಒಯ್ದರು. ಸಂಸ್ಕೃತದ 'ಸ್ಥಗ'ದಿಂದ ಹುಟ್ಟಿ ಹಿಂದಿಯಲ್ಲಿ ಠಗ್, ಕನ್ನಡದಲ್ಲಿ ಠಕ್ಕ ಆದ ಶಬ್ದವಿದು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಲೀಮನ್ ಮೊದಲಾದ ಕಂಪನಿ ಸರಕಾರದ ಅಧಿಕಾರಿಗಳು ದಾರಿಗಳ್ಳರ ಗುಂಪುಗಳನ್ನು ಹಿಡಿದು ಆ ಹೆಸರನ್ನು ಲೋಕಕ್ಕೆ ಸಾರಿದರು. 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯೆಂಬ ಕಾದಂಬರಿಯನ್ನು ಬರೆದು ಅದನ್ನು ಇಂಗ್ಲಂಡದ ಮನೆಮನೆಗೆ ಮುಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. ಈ ಟೇಲರನೇ 1841ರಿಂದ ಹತ್ತು ಹನ್ನೆರಡು ವರ್ಷ, ಬಾಲರಾಜ ವೆಂಕಟಪ್ಪನಾಯಕನ ಪರವಾಗಿ, ನಮ್ಮ ಸುರಪುರದ ಆಡಳಿತವನ್ನು ನೋಡಿಕೊಂಡವನು. ಅವನು ಗುಡ್ಡದ ಮೇಲೆ ಕಟ್ಟಿಸಿದ ಮನೆಯನ್ನು ಟೇಲರ್ ಮಂಜಿಲ್ ಎಂದು ಅಲ್ಲಿನವರು ತೋರಿಸುತ್ತಾರೆ. ಠಗ್ಗರ ಕಥೆಯಲ್ಲಿ ಎಷ್ಟು ಪಾಲು ನಡೆದದ್ದು, ಎಷ್ಟು ಪಾಲು ಆಳುವವರ ಭೀತಿಯ ಕಲ್ಪನೆ ಎಂಬದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹುಟ್ಟಿನಿಂದಲೇ ಕಳ್ಳರಾದ ಕುಲಗಳುಂಟು ಎಂಬ ಆ ಭಾವನೆಯು ಮಾತ್ರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯದೆಯಾಗಿ ಫಲಿಸಿ, ಅದು ರದ್ದಾದ 1952ರವರೆಗೆ ಎಷ್ಟೋ ಸಾವಿರ ನಿರಪರಾಧಿಗಳ ಹಾಜರಿ ಹಿಡಿಯಿತು.

ಕಡಲು ದಾಟಿದ ಮೇಲೂ ಶಬ್ದವು ತನ್ನ ಕಸುಬನ್ನು ಬಿಡಲಿಲ್ಲ. 2014ನೆಯ ಜನೇವರಿಯಲ್ಲಿ ರಿಚರ್ಡ್ ಶರ್ಮನ್ ಎಂಬ ಕರಿಯ ಕಾಲ್ಚೆಂಡಿನ ಆಟಗಾರನು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪದವೀಧರನು, ಪಂದ್ಯ ಗೆದ್ದ ಭರದಲ್ಲಿ ದೂರದರ್ಶನದ ಎದುರು ಜೋರಾಗಿ ಕೂಗಿದನೆಂದು ದೇಶದ ಮಂದಿ ಅವನನ್ನು 'ಥಗ್' ಎಂದು ಜರೆದರು. ಕರಿಯರನ್ನು ಬಯ್ಯುವ ಹಳೆಯ ಹೊಲಸು ಶಬ್ದವನ್ನು ಈಗ ಬಾಯಿಬಿಟ್ಟು ಆಡಲಾಗದ್ದರಿಂದ ಅದರ ಬದಲಿಗೆ ಈ ಸಭ್ಯ ಶಬ್ದವನ್ನು ಹುಡುಕಿಕೊಂಡಿದ್ದೀರಿ ಎಂಬ ಅರ್ಥದಲ್ಲಿ ಅವನು ಉತ್ತರಕೊಟ್ಟನು. ಅಜ್ಜಿ ಥಗ್ ಆದರೆ ಮುದ್ದು; ಶರ್ಮನ್ ಥಗ್ ಆದರೆ ಬೈಗುಳ. ಠಕ್ಕನು ವೇಷ ಬದಲಿಸುವದರಲ್ಲಿ ನಿಪುಣನೆಂದು ನಮ್ಮ ಜನಪದ ಕಥೆಗಳು ಹೇಳಿದ್ದು ಸುಳ್ಳಲ್ಲ. 2025ರಲ್ಲಿ ಅದೇ 'ಥಗ್ ಲೈಫ್' ಹೆಸರಿನ ತಮಿಳು ಚಿತ್ರವೊಂದು ಬಂದಾಗ, ಕನ್ನಡವು ತಮಿಳಿನಿಂದ ಹುಟ್ಟಿತೆಂದು ಅದರ ನಾಯಕ ಕಮಲ ಹಾಸನರು ಆಡಿದ ಮಾತಿಗಾಗಿ ನಮ್ಮಲ್ಲಿ ಗದ್ದಲವೆದ್ದು, ಸಂಗತಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತು. ಆ ಹೆಸರಿನ ಮೊದಲ ಶಬ್ದವು ಕನ್ನಡದ ಠಕ್ಕನಿಗೆ ದಾಯಾದಿಯೆಂಬ ಕಡೆಗೆ ಆ ಗಲಾಟೆಯಲ್ಲಿ ಯಾರ ಲಕ್ಷ್ಯವೂ ಹೋದಂತೆ ಕಾಣಲಿಲ್ಲ!

ಬೈಗುಳವಾದರೂ ಒಂದು ದಿನ ಮರೆತುಹೋದೀತು. ಕೋರ್ಟಿನ ದಾಖಲೆ ಮರೆಯುವದಿಲ್ಲ. ಹಿಪ್‌ಹಾಪಿನ ಬಳಕೆಯಲ್ಲಿ ಗೆಳೆಯನನ್ನು 'ಡಾಗ್' ಎಂದು ಕರೆಯುವದುಂಟು. ಇಂಗ್ಲಿಷಿನ ನಾಯಿಯ ಹೆಸರಿನಂತೆಯೇ ಉಚ್ಚಾರ, ನಮ್ಮ 'ದೋಸ್ತ', 'ಗುರು'ಗಳಂತೆ ಅರ್ಥ. ಕಚೇರಿಗಳಲ್ಲಿ ವಿನೋದಕ್ಕಾಗಿ ಈ ಸಂಬೋಧನೆಯನ್ನು ಬಳಸದವರು ಕಡಿಮೆ. ಲೂಸಿಯಾನ ಸಂಸ್ಥಾನದಲ್ಲಿ ಪೋಲೀಸರ ವಿಚಾರಣೆಗೆ ಗುರಿಯಾದ ಕರಿಯ ತರುಣನೊಬ್ಬನು, ತಾನು ಅಪರಾಧ ಮಾಡಿದ್ದೇನೆಂದು ನೀವು ತಿಳಿಯುವದಾದರೆ ತನಗೊಬ್ಬ ವಕೀಲನನ್ನು ಕೊಡಬಾರದೇಕೆ ಎಂದು ಕೇಳುತ್ತ ಮಾತಿನ ತುದಿಗೆ ಈ 'ಡಾಗ್' ಎಂಬ ಸಂಬೋಧನೆಯನ್ನು ಸೇರಿಸಿದನು. ಆಪಾದಿತನು ವಕೀಲನನ್ನು ಸ್ಪಷ್ಟವಾಗಿ ಕೇಳಿದ ಕೂಡಲೆ ಪ್ರಶ್ನೆಗಳನ್ನು ನಿಲ್ಲಿಸತಕ್ಕದ್ದೆಂಬದು ಆ ದೇಶದ ಕಾನೂನು. ಇಲ್ಲಿ ನಿಲ್ಲಲಿಲ್ಲ. 2017ನೆಯ ಅಕ್ಟೋಬರದಲ್ಲಿ ಆ ಸಂಸ್ಥಾನದ ವರಿಷ್ಠ ನ್ಯಾಯಾಲಯವು ಅವನ ಅರ್ಜಿಯನ್ನು ಕೈಕೊಳ್ಳಲು ನಿರಾಕರಿಸಿತು. ನ್ಯಾಯಮೂರ್ತಿಗಳಲ್ಲೊಬ್ಬರು ಬರೆದ ಸಮ್ಮತಿಯ ಟಿಪ್ಪಣಿಯಲ್ಲಿ, 'ಲಾಯರ್ ಡಾಗ್' ಎಂಬ ಅಸ್ಪಷ್ಟ ಉಲ್ಲೇಖವು ವಕೀಲನನ್ನು ಬೇಡಿದಂತಾಗುವದಿಲ್ಲ ಎಂಬ ಮಾತಿತ್ತು. 'ತಿಳಿಯುವದಾದರೆ' ಎಂಬ ಶರತ್ತೇ ಬೇಡಿಕೆಯನ್ನು ಸಂದಿಗ್ಧಗೊಳಿಸಿತೆಂದು ಆ ತೀರ್ಮಾನವನ್ನು ಸಮರ್ಥಿಸಿದವರೂ ಇದ್ದಾರೆ. ಅದು ಕಾನೂನು ಬಲ್ಲವರು ಚರ್ಚಿಸುವ ವಿಷಯ. ಆದರೆ ನ್ಯಾಯಪೀಠದ ಕಾಗದದಲ್ಲಿ ವಕೀಲನೂ ನಾಯಿಯೂ ಸಮಾಸವಾಗಿ ಕುಳಿತುದನ್ನು ನೋಡಿದರೆ, ಅದೇ ಶಬ್ದವನ್ನು ಸಹೋದ್ಯೋಗಿಯ ಬೆನ್ನುತಟ್ಟಿ ಆಡಿದವನಿಗೆ ಯಾವ ವ್ಯಾಕರಣವೂ ಅಡ್ಡಬರಲಿಲ್ಲವಲ್ಲ ಎಂಬ ವಿಚಾರ ಸುಳಿಯದೆ ಇರದು.

ಇದೊಂದು ಬಿಡಿ ಸಂಗತಿಯಲ್ಲ. ಫಿಲಡೆಲ್ಫಿಯದ ನ್ಯಾಯಾಲಯಗಳಲ್ಲಿ ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ 27 ಜನ ಬರಹಗಾರರಿಗೆ ಕರಿಯರ ಆಡುನುಡಿಯ ವಾಕ್ಯಗಳನ್ನು ಕೇಳಿಸಿ ನಡೆಸಿದ ಪರೀಕ್ಷೆಯ ಫಲಿತಾಂಶವು 2019ರಲ್ಲಿ ಪ್ರಕಟವಾಯಿತು. ನೂರಕ್ಕೆ 95ರಷ್ಟು ಬಿನ್‌ತಪ್ಪಾಗಿ ಬರೆಯಬಲ್ಲೆವೆಂದು ಪ್ರಮಾಣಪತ್ರ ಪಡೆದ ಆ ಬರಹಗಾರರು ಸರಿಯಾಗಿ ಬರೆದ ವಾಕ್ಯಗಳು ನೂರಕ್ಕೆ ಸುಮಾರು 60 ಮಾತ್ರ. ಅದಕ್ಕೂ ಮೊದಲು, 1999ರಲ್ಲಿ ಪ್ರಕಟವಾದ ಜಾನ್ ಬಾ ಮತ್ತು ಅವರ ಸಹೋದ್ಯೋಗಿಗಳ ಶೋಧನೆಯಲ್ಲಿ, ಸ್ಯಾನ್ ಫ್ರ್ಯಾನ್ಸಿಸ್ಕೊ ಸುತ್ತಿನಲ್ಲಿ ಬಾಡಿಗೆಮನೆಗಾಗಿ ಒಬ್ಬನೇ ಮನುಷ್ಯನು ಮೂರು ಬಗೆಯ ಉಚ್ಚಾರಗಳಲ್ಲಿ ಫೋನು ಮಾಡಿ ವಿಚಾರಿಸಿದಾಗ, ಬಿಳಿಯರು ಹೆಚ್ಚಾಗಿರುವ ಬಡಾವಣೆಗಳಲ್ಲಿ ಕರಿಯರ ಉಚ್ಚಾರಕ್ಕೆ ಮನೆ ನೋಡಲು ಕರೆ ಬಂದದ್ದು ಬಹಳ ಕಡಿಮೆ. ಮನೆಯೊಡೆಯನು ಕಣ್ಣಿನಿಂದ ನೋಡಿರಲಿಲ್ಲ, ಕಿವಿಯೇ ಸಾಕಾಯಿತು.

ಇತ್ತೀಚೆಗೆ ಇನ್ನೊಂದು ಚಮತ್ಕಾರ ನಡೆದಿದೆ. ಈ ಮಾತುಗಳಿಗೆ ಈಗ 'ಹೊಸ ತಲೆಮಾರಿನ ಭಾಷೆ' ಎಂಬ ಪಟ್ಟಿಯನ್ನು ಅಂಟಿಸಲಾಗುತ್ತಿದೆ. 2021ನೆಯ ಮೇ ತಿಂಗಳಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಪ್ರಸಿದ್ಧ ವಿನೋದ ಕಾರ್ಯಕ್ರಮದಲ್ಲಿ ಎಲಾನ್ ಮಸ್ಕ್ ಅತಿಥಿಯಾಗಿದ್ದ ದಿನ, ಆಸ್ಪತ್ರೆಯ ವೈದ್ಯನು ರೋಗಿಯ ಬಂಧುಗಳೊಡನೆ ಈ ಭಾಷೆಯಲ್ಲಿಯೇ ಮಾತನಾಡುವ ಪ್ರಹಸನವನ್ನು ಆಡಿದರು. ಅದರಲ್ಲಿದ್ದ ಮಾತುಗಳು ಬಹುಮಟ್ಟಿಗೆ ಕರಿಯರ ನುಡಿಯಿಂದ ಬಂದವೆಂದೂ, ಅವುಗಳ ತವರನ್ನು ಅಳಿಸಿ ಎಳೆಯರ ಹುಚ್ಚಾಟವೆಂದು ತೋರಿಸಿದ್ದು ಸರಿಯಲ್ಲವೆಂದೂ ಆಕ್ಷೇಪಣೆ ಎದ್ದಿತು. ಅಣಕಕ್ಕಿಂತ ಈ ಮರೆವೇ ನಮಗೆ ಹೆಚ್ಚು ಖೇದಕರವಾಗಿ ತೋರುತ್ತದೆ. ಅಣಕಿಸುವವನು ಒಡೆಯನೊಬ್ಬನಿದ್ದಾನೆಂದಾದರೂ ಒಪ್ಪಿರುತ್ತಾನೆ.

ಹುಬ್ಬಳ್ಳಿ ಧಾರವಾಡ ಸೀಮೆಯ ವಾಚಕರಿಗೆ ಈ ವಿಷಯವು ದೂರದ್ದೆಂದು ಅನಿಸಲಾರದು. ನಮ್ಮ ಚಲಚ್ಚಿತ್ರಗಳಲ್ಲಿ ನಾಯಕನು ಮೈಸೂರು ಕಡೆಯ ಅಚ್ಚುಕಟ್ಟಾದ ಕನ್ನಡವನ್ನಾಡಿದರೆ, ಮಗ್ಗುಲಲ್ಲಿ ನಗಿಸುವದಕ್ಕೆ ನಿಂತ ಆಳಿನ ಬಾಯಲ್ಲಿ 'ಏನಲೇ, ಹೆಂಗದೀ' ಬಂದೇ ಬರುವದು. ಮಂಗಳೂರಿನ ಕಡೆಯ 'ಮಾರಾಯ'ನ ಗತಿಯೂ ಅದೇ. ಬೆಂಗಳೂರಿನ ಕಾಲೇಜಿನ ಹುಡುಗರು ವಿನೋದಕ್ಕಾಗಿ ನಮ್ಮ ಮಾತನ್ನು ಎಳೆದು ಆಡುವದನ್ನು ಕೇಳಿ ನಾವೂ ನಕ್ಕಿದ್ದೇವೆ. ಆದರೆ ಅದೇ ಮಾತಿನ ತರುಣನು ನೌಕರಿಯ ಸಂದರ್ಶನಕ್ಕೆ ಹೋದಾಗ ಭಾಷೆಯನ್ನು ತಿದ್ದಿಕೊಂಡು ಬಾ ಎನ್ನಿಸಿಕೊಂಡರೆ ಆ ನಗೆ ಗಂಟಲಲ್ಲಿ ಉಳಿಯುವದು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವದು ಸರಿಯಲ್ಲ. ಗುಲಾಮಗಿರಿಯ ಇತಿಹಾಸವುಳ್ಳವರ ನೋವಿಗೆ ನಮ್ಮ ಮುನಿಸನ್ನು ಸಮಮಾಡಲಾಗದು. ಇತ್ತ ಬೆಂಗಳೂರಿನಿಂದಲೇ ಹೊರಟ ಹನುಮಾನ್‌ಕೈಂಡ್ ಎಂಬ ಹಾಡುಗಾರನು, ಕೇರಳದ ಮೂಲದವನು, ಬಾಲ್ಯವನ್ನು ಟೆಕ್ಸಾಸಿನಲ್ಲಿ ಕಳೆದವನು, 2024ರಲ್ಲಿ ಮರಣಬಾವಿಯ ಗೋಡೆಯ ಮೇಲೆ ಮೋಟಾರು ಸೈಕಲ್ಲುಗಳು ಸುತ್ತುತ್ತಿರಲು ಅದರ ತಳದಲ್ಲಿ ನಿಂತು ಹಾಡಿದ ಹಾಡು ಜಗತ್ತನ್ನೆಲ್ಲ ಸುತ್ತಿ ಅಮೆರಿಕೆಯ ಬಿಲ್‌ಬೋರ್ಡ್ ಪಟ್ಟಿಯನ್ನೂ ಏರಿತು. ಆ ಹಾಡಿನ ಹೆಸರು 'ಬಿಗ್ ಡಾಗ್ಸ್'. ಲೂಸಿಯಾನದ ನ್ಯಾಯಮೂರ್ತಿಗಳಿಗೆ ತೊಡಕಾದ ಶಬ್ದವೇ ಇದು. ಅವನು ಅದನ್ನು ಆಡಿದಾಗ ಯಾರೂ ಅಣಕವೆಂದು ತಿಳಿಯಲಿಲ್ಲ; ಕಸುಬನ್ನು ಕಲಿತು, ಬೆವರು ಸುರಿಸಿ, ಮರಣಬಾವಿಯ ಆಟಗಾರರನ್ನು ಜೊತೆಗೆ ಕರೆದುಕೊಂಡು ಬಂದಿದ್ದನು.

ಈ ನುಡಿಗೆ ನಿಘಂಟುಗಳು ಹುಟ್ಟಿದ್ದೂ ಹೀಗೆಯೇ, ಮೊದಲು ವಿನೋದಕ್ಕಾಗಿ. ಹಾರ್ಲೆಮಿನ ಕ್ಯಾಬ್ ಕ್ಯಾಲೊವೇ ಎಂಬ ವಾದ್ಯಮೇಳದ ನಾಯಕನು 1938ರಲ್ಲಿ ತನ್ನವರ ಮಾತುಗಳ ಚಿಕ್ಕ ಪುಸ್ತಕವೊಂದನ್ನು ಅಚ್ಚುಹಾಕಿಸಿದನು. 1994ರಲ್ಲಿ ಜಿನೀವಾ ಸ್ಮಿದರ್ಮನ್ ಎಂಬ ಕರಿಯ ವಿದುಷಿಯು ಓಣಿಯಿಂದ ಹಿಡಿದು ಚರ್ಚಿನವರೆಗಿನ ಮಾತುಗಳನ್ನು ಕೂಡಿಸಿ ಕೋಶವನ್ನು ಮಾಡಿದಳು. 2022ರಲ್ಲಿ ಆಕ್ಸ್‌ಫರ್ಡಿನವರು ಹಾರ್ವರ್ಡಿನ ಹೆನ್ರಿ ಲೂಯಿಸ್ ಗೇಟ್ಸರ ನೇತೃತ್ವದಲ್ಲಿ ಕರಿಯ ಅಮೆರಿಕನರ ಇಂಗ್ಲಿಷಿಗೆ ಪ್ರತ್ಯೇಕ ನಿಘಂಟನ್ನು ಸಾರಿದರು. ಮರುವರ್ಷ ಮಾದರಿಗಾಗಿ ಹೊರಗೆಡವಿದ ಹತ್ತು ಶಬ್ದಗಳಲ್ಲಿ, ತಿಂಡಿ ಬಹು ರುಚಿಯಾಗಿದೆ ಎಂಬುದಕ್ಕೆ ಎಳೆಯರು ಆಡುವ 'ಬಸಿನ್' ಎಂಬ ಇಂದಿನ ಮಾತೂ ಇತ್ತು, 'ಕೇಕ್‌ವಾಕ್' ಎಂಬ ಹಳೆಯ ಮಾತೂ ಇತ್ತು.

ಕೇಕ್‌ವಾಕ್ ಎಂಬದು ತೋಟಗಳ ಗುಲಾಮರ ಒಂದು ಕುಣಿತ. ದೊರೆಗಳೂ ದೊರೆಸಾನಿಯರೂ ಔತಣಕೂಟಗಳಲ್ಲಿ ಎದೆಯುಬ್ಬಿಸಿ, ಕೈಕೈ ಹಿಡಿದು, ಕತ್ತು ನೀಡಿ ನಡೆಯುವ ಠೀವಿಯನ್ನು ಗುಲಾಮರು ತಮ್ಮ ಬಿಡುವಿನ ದಿನ ಅಣಕಿಸಿ ಕುಣಿಯುತ್ತಿದ್ದರು. ದೊರೆಗಳು ಬಂದು ನೋಡಿ ಮೆಚ್ಚಿ, ಚೆನ್ನಾಗಿ ಕುಣಿದವರಿಗೆ ಕೇಕನ್ನು ಬಹುಮಾನ ಕೊಡುತ್ತಿದ್ದರಂತೆ. ಅಣಕವು ತಮ್ಮದೇ ಎಂಬದು ಅವರಿಗೆ ಹೊಳೆಯುತ್ತಿರಲಿಲ್ಲ. ಮುಂದೆ ಮಸಿ ಬಳಿದುಕೊಂಡ ಬಿಳಿಯ ನಟರು ಆ ಕುಣಿತವನ್ನು ಕರಿಯರ ಪೆದ್ದುತನವೆಂದು ರಂಗದ ಮೇಲೆ ಅಣಕಿಸಿದರು. ತಮ್ಮ ಅಜ್ಜಂದಿರ ಅಣಕವನ್ನು ತಾವೇ ಅಣಕಿಸುತ್ತಿದ್ದೇವೆಂಬ ಅರಿವು ಅವರಿಗೂ ಇರಲಿಲ್ಲ. ಈಗ ಅದು ಸುಲಭ ಸಾಧ್ಯವಾದ ಕೆಲಸಕ್ಕೆ ಹೆಸರು. ನಮ್ಮ ಕ್ರಿಕೆಟ್ ವರದಿಗಾರರು ಎದುರಾಳಿಯಿಲ್ಲದ ಗೆಲುವಿಗೆಲ್ಲ ಅದನ್ನು ಬಳಸುತ್ತಾರೆ.